ರಾತ್ರಿಯ ಊಟಕ್ಕೂ ಕನ್ನಡದ ಹಕ್ಕು ಬೇಕು

(ಕನ್ನಡ ಹೋರಾಟದ ಗೆಳೆಯರ ಸಂಜೆಯ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಗಡಿ, ನದಿ, ಉದ್ಯೋಗ, ಶಾಲೆ. ನಮ್ಮ ಸಭೆಗಳಲ್ಲಿ ಈ ನಾಲ್ಕು ಮಾತು ಬರದೆ ಮೈಕು ಕೆಳಗಿಳಿಯುವುದಿಲ್ಲ. ಬರಲೇಬೇಕು, ತಪ್ಪಿಲ್ಲ. ಆದರೆ ಇವತ್ತು ನಾನು ಆಡಲು ಬಂದಿರುವುದು ರೊಟ್ಟಿ, ಪಲ್ಯ, ಖಾರ, ಮೊಸರಿನ ಮಾತು. "ಇದೇನು ಕನ್ನಡ ಚಳವಳಿಯೋ, ಅಡುಗೆ ಕ್ಲಾಸೋ?" ಎಂದು ಹಿಂದಿನ ಸಾಲಿನಲ್ಲಿ ಯಾರಾದರೂ ನಕ್ಕರೆ ನಗಲಿ. ನಕ್ಕವರೂ ಇಲ್ಲಿಂದ ಎದ್ದು ಹೋಗಿ ಮಾಡುವ ಮೊದಲ ಕೆಲಸ ಊಟವೇ ತಾನೆ!

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ. ನಮ್ಮ ಹಿರಿಯರು ಊಟವನ್ನೂ ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಎರಡೂ ನಾಲಿಗೆಯ ಕೆಲಸ. ಎರಡನ್ನೂ ಕಲಿಸಿದವಳು ಒಬ್ಬಳೇ ತಾಯಿ. ಒಂದು ಮನೆಯಲ್ಲಿ ಕನ್ನಡ ಬದುಕಿದೆಯೋ ಇಲ್ಲವೋ ತಿಳಿಯಬೇಕಾದರೆ ಹಜಾರದ ಗೋಡೆಯ ಮೇಲಿನ ಭುವನೇಶ್ವರಿಯ ಪಟ ನೋಡಬೇಡಿ. ಸಂಜೆ ಏಳು ಗಂಟೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಿವಿಗೊಡಿ, ಕಪಾಟಿನ ಮೇಲಿನ ಪೊಟ್ಟಣಗಳನ್ನು ಓದಿ. ಉತ್ತರ ಅಲ್ಲೇ ಇದೆ.

ನಮ್ಮ ಸೀಮೆಯ ಸಂಜೆ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು. ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಬರುವವರು ಒಂದರ ಹಿಂದೆ ಒಂದರಂತೆ ದಾಟುವ ಮೂರು ನಿಲ್ದಾಣ. ನಿಮ್ಮಲ್ಲಿ ಎಷ್ಟೋ ಮಂದಿ ಈ ನಿಲ್ದಾಣಗಳಲ್ಲೇ ಚೀಲ ಹಿಡಿದು ಹತ್ತಿ ಇಲ್ಲಿಗೆ ಬಂದವರು. 1997ರ ಆಗಸ್ಟ್‌ವರೆಗೆ ಇವೆಲ್ಲ ಧಾರವಾಡ ಜಿಲ್ಲೆಯೊಳಗೇ ಇದ್ದವು. ಆಮೇಲೆ ಹಾವೇರಿ ಬೇರೆ ಜಿಲ್ಲೆಯಾಯಿತು. ಜಿಲ್ಲೆ ಬದಲಾದರೂ ತಾಟು ಬದಲಾಗಲಿಲ್ಲ.

ಆ ತಾಟಿನಲ್ಲಿ ಏನಿದೆ? ಜೋಳದ ರೊಟ್ಟಿ. ಪಕ್ಕದಲ್ಲಿ ಹೆಸರುಕಾಳೋ ಮಡಿಕೆಕಾಳೋ ಬೇಯಿಸಿದ ಪಲ್ಯ, ಇಲ್ಲವೇ ಬದನೆಕಾಯಿ ಎಣ್ಣೆಗಾಯಿ. ಕಾಯಿಪಲ್ಯ ತರದ ದಿನ ಕಡಲೆಹಿಟ್ಟಿನ ಝುಣಕ. ಒಂದು ಮೂಲೆಯಲ್ಲಿ ಶೇಂಗಾ ಚಟ್ನಿಪುಡಿ, ಅಗಸಿ ಇಲ್ಲವೇ ಗುರೆಳ್ಳಿನ ಪುಡಿ, ಕೆಂಪು ಖಾರ. ಒಂದು ಉಳ್ಳಾಗಡ್ಡಿ, ನಾಲ್ಕು ಎಸಳು ಹಸಿ ಮೆಂತೆ ಸೊಪ್ಪು. ಗಟ್ಟಿ ಮೊಸರು. ಕೊನೆಗೆ ಒಂದು ತುತ್ತು ಅನ್ನ, ಸಾರು, ಮಜ್ಜಿಗೆ. ಪಶ್ಚಿಮಕ್ಕೆ ಹಾನಗಲ್ಲಿನ ಕಡೆ ಹೋದರೆ ಭತ್ತದ ಗದ್ದೆ. ಅಲ್ಲಿ ಅನ್ನದ ಪಾಲು ಹೆಚ್ಚು. ರಾಣೆಬೆನ್ನೂರು ದಾಟಿ ದಕ್ಷಿಣಕ್ಕೆ ಇಳಿದರೆ ಮಧ್ಯ ಕರ್ನಾಟಕದ ರುಚಿ, ಮಧ್ಯ ಕರ್ನಾಟಕದ ಮಾತು. ಮೂವತ್ತು ನಲವತ್ತು ಕಿಲೋಮೀಟರಿಗೆ ಊಟವೂ ಕನ್ನಡವೂ ಕೂಡಿಯೇ ಬದಲಾಗುತ್ತವೆ. ಭಾಷೆಯ ನಕ್ಷೆ ಬರೆಯುವ ಪಂಡಿತರು ಒಲೆಯ ಮುಂದೆ ಕುಳಿತರೂ ಸಾಕು, ಅರ್ಧ ಕೆಲಸ ಆದಂತೆ.

ಇದು ಹಬ್ಬದ ಊಟವಲ್ಲ. ಹೋಳಿಗೆ, ಕಡಬು ಎಲ್ಲರಿಗೂ ನೆನಪಿರುತ್ತದೆ, ಅವುಗಳ ಹಾಡಿ ಹೊಗಳುವವರೂ ಇದ್ದಾರೆ. ನಾನು ಹೇಳುತ್ತಿರುವುದು ಸೋಮವಾರ, ಮಂಗಳವಾರದ ಊಟ. ಯಾರೂ ಫೋಟೋ ತೆಗೆಯದ ಊಟ. ಹೊಲದಿಂದ, ಅಂಗಡಿಯಿಂದ, ಕಚೇರಿಯಿಂದ ದಣಿದು ಬಂದವರು ಕೈಕಾಲು ತೊಳೆದು ಕುಳಿತು ತಿನ್ನುವ ಊಟ. ಕನ್ನಡವೂ ಹಾಗೆಯೇ. ನವೆಂಬರಿನಲ್ಲಿ ಮೆರವಣಿಗೆ ಹೋಗುವ ಕನ್ನಡ ಒಂದು. ಉಳಿದ ಹನ್ನೊಂದು ತಿಂಗಳು ಮನೆ ನಡೆಸುವ ಕನ್ನಡ ಇನ್ನೊಂದು. ಎರಡನೆಯದು ಸೊರಗಿದರೆ ಮೊದಲನೆಯದು ಬರೀ ಡೋಲು.

ಒಲೆಯ ಮುಂದಿನ ಮಾತು

ರೊಟ್ಟಿ ಮಾಡುವುದನ್ನು ಎಂದಾದರೂ ಹತ್ತಿರದಿಂದ ನೋಡಿದ್ದೀರಾ? ಜೋಳದ ಹಿಟ್ಟಿಗೆ ಗೋಧಿಯ ಹಿಟ್ಟಿನಂತೆ ಎಳೆದರೆ ಹಿಗ್ಗುವ ಗುಣವಿಲ್ಲ. ತಣ್ಣೀರು ಹಾಕಿ ಕಲಸಿದರೆ ಅಂಚು ಬಿರಿಯುತ್ತದೆ, ಎತ್ತಿದರೆ ಮುರಿಯುತ್ತದೆ. ಅದಕ್ಕೇ ಎಸರು ಕುದಿಸಿ, ಕುದಿಯುವ ನೀರನ್ನು ಹಿಟ್ಟಿನ ಗುಣಿಗೆ ಹೊಯ್ಯುತ್ತಾರೆ. ಬಿಸಿಗೆ ಹಿಟ್ಟಿನ ಪಿಷ್ಟ ಅರಳಿ ಅಂಟುತ್ತದೆ. ಆಮೇಲೆ ಅಂಗೈಯಿಂದ ಒತ್ತಿ ಒತ್ತಿ ನಾದುತ್ತಾರೆ. ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ ಎಷ್ಟು ನಾದಿದರೂ ಕೂಡಿಕೊಳ್ಳುವುದಿಲ್ಲ. "ಹಿಟ್ಟಿಗೆ ಜಿಗಿ ಇಲ್ಲ" ಎಂದು ಒಂದೇ ಮಾತಿನಲ್ಲಿ ತೀರ್ಪು. ಒಣಹಿಟ್ಟು ಉದುರಿಸಿ, ಒಂದು ಕೈಯಿಂದ ಬಡಿಯುತ್ತ ಇನ್ನೊಂದು ಕೈಯಿಂದ ತಿರುಗಿಸುತ್ತ ಅಗಲ ಮಾಡಿ, ಹಂಚಿನ ಮೇಲೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ನೀರು ಆರಿದೊಡನೆ ಮಗುಚಿ, ಕೊನೆಗೆ ಕೆಂಡದ ಮುಂದೆ ನಿಲ್ಲಿಸಿದರೆ ರೊಟ್ಟಿ ಉಬ್ಬುತ್ತದೆ.

ಈಗ ನಾನು ಹೇಳಿದ್ದರಲ್ಲಿ ಕ್ರಿಯಾಪದಗಳನ್ನು ಎಣಿಸಿ. ಕುದಿಸು, ಹೊಯ್ಯು, ಒತ್ತು, ನಾದು, ಬಡಿ, ಸವರು, ಮಗುಚು. ಇದಕ್ಕೆ ಕೇರು, ಕುಟ್ಟು, ಬೀಸು, ಅರೆ, ಬಸಿ, ಹುರಿ, ಹಸನು ಮಾಡು, ಜರಡಿ ಹಿಡಿ ಎಂಬುವನ್ನೂ ಸೇರಿಸಿ. ಒಂದು ರಾತ್ರಿಯ ಊಟದಲ್ಲಿ ಎಷ್ಟು ಕನ್ನಡ! ಒಂದೊಂದು ಮಾತಿಗೂ ಒಂದೊಂದು ಕೈಚಳಕ. ನಾದುವುದು ಬೇರೆ, ಕಲಸುವುದು ಬೇರೆ. ಕುಟ್ಟಿದ ಖಾರ ಬೇರೆ, ಅರೆದ ಖಾರ ಬೇರೆ. ಈ ಅಂತರ ಗೊತ್ತಿರುವುದೇ ಭಾಷೆ ಬರುವುದು.

ಇಂದಿನ ನಗರದ ಮಾತು ಹೇಗಿದೆ ಕೇಳಿ: "ದಾಲ್ ಬಾಯಿಲ್ ಮಾಡಿ, ಆನಿಯನ್ ಕಟ್ ಮಾಡಿ, ಮಿಕ್ಸ್ ಮಾಡಿ, ಫ್ರೈ ಮಾಡಿ." ಕನ್ನಡದ ಪಾಲಿಗೆ ಉಳಿದದ್ದು "ಮಾಡಿ" ಒಂದೇ! ಹತ್ತು ಹದಿನೈದು ಕೆಲಸಗಾರರಿದ್ದ ಮನೆಯಲ್ಲಿ ಒಬ್ಬನೇ ಆಳು ಉಳಿದು ಎಲ್ಲರ ಕೆಲಸವನ್ನೂ ಹೊತ್ತಂತೆ ಈ ಪಾಪದ "ಮಾಡು" ದುಡಿಯುತ್ತಿದೆ. ಇದಕ್ಕೆ ದೆಹಲಿ ಕಾರಣವೇ? ಯಾವ ಕೇಂದ್ರ ಸಚಿವರು ಬಂದು ನಿಮ್ಮ ಬಾಯಿಂದ "ಉಳ್ಳಾಗಡ್ಡಿ ಹೆಚ್ಚು" ಎಂಬುದನ್ನು ಕಿತ್ತುಕೊಂಡರು? ಇದು ನಾವೇ ಕೈಯಾರೆ ಬಿಟ್ಟುಕೊಟ್ಟ ಆಸ್ತಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಮೆಣಸಿನಕಾಯಿ ಕಲಿಸುವ ಪಾಠ

ಹಾಗೆಂದ ಮಾತ್ರಕ್ಕೆ ಹೊರಗಿನದೆಲ್ಲ ಮೈಲಿಗೆ, ನಮ್ಮದೆಲ್ಲ ಮಡಿ ಎಂದು ನಾನು ಹೇಳಲು ಬಂದಿಲ್ಲ. ಅಂಥ ಮಾತಿಗೆ ಮೊದಲು ಅಡ್ಡ ನಿಲ್ಲುವುದು ಬ್ಯಾಡಗಿ ಮೆಣಸಿನಕಾಯಿ.

ಜಗತ್ತಿಗೇ ಗೊತ್ತಿರುವ ಈ ನಮ್ಮ ಮೆಣಸಿನಕಾಯಿಯ ಮೂಲ ಅಮೆರಿಕ ಖಂಡ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಕಾಲದಲ್ಲಿ ಅದು ಹಡಗಿನಿಂದ ಇಳಿಯಿತು. ಅದಕ್ಕೂ ಮೊದಲು ಕನ್ನಡಿಗರ ಖಾರ ಎಂದರೆ ಮಲೆನಾಡಿನ ಬಳ್ಳಿಯಲ್ಲಿ ಬಿಡುವ ಮೆಣಸು. ಹೊಸ ಕಾಯಿ ಬಂದಾಗ ನಮ್ಮ ರೈತ ಏನು ಮಾಡಿದ? "ಇದರ ಇಂಗ್ಲಿಷ್ ಹೆಸರೇನು, ಹಿಂದಿ ಹೆಸರೇನು" ಎಂದು ಬಾಯಿಬಿಡುತ್ತ ನಿಲ್ಲಲಿಲ್ಲ. ಬಾಯಿಗೆ ಹಾಕಿಕೊಂಡ. ಮೆಣಸಿನ ಹಾಗೆ ಖಾರವಿದೆ, ನೋಡಲು ಕಾಯಿ. ಮೆಣಸಿನಕಾಯಿ! ಮುಗಿಯಿತು. ಸಮಿತಿ ಇಲ್ಲ, ಸುತ್ತೋಲೆ ಇಲ್ಲ. ಅದೇ ಖಂಡದಿಂದ ಇನ್ನೊಂದು ಧಾನ್ಯ ಬಂದಾಗ ಅದಕ್ಕೆ ಗೋವಿನಜೋಳ ಎಂದ. ಶೇಂಗಾ ಕೂಡ ದಕ್ಷಿಣ ಅಮೆರಿಕದ ಬೆಳೆ. ಹೆಸರನ್ನು ಮರಾಠಿಯ ನೆರೆಯಿಂದ ಪಡೆದೆವು, ಹಿಂಡಿಯನ್ನು ನಾವೇ ಕುಟ್ಟಿದೆವು. ನೆರೆಯವರಿಂದ ಪದ ತರುವುದರಲ್ಲಿ ಅವಮಾನವಿಲ್ಲ. ತಂದದ್ದನ್ನು ನಮ್ಮ ನಾಲಿಗೆಗೆ ಒಗ್ಗಿಸಿ ನಮ್ಮ ಮನೆಯದನ್ನಾಗಿ ಮಾಡುವ ಜೀರ್ಣಶಕ್ತಿ ನಮ್ಮಲ್ಲಿತ್ತು. ಆ ಜೀರ್ಣಶಕ್ತಿ ಎಲ್ಲಿ ಹೋಯಿತು ಎಂಬುದು ನನ್ನ ಪ್ರಶ್ನೆ.

ಬ್ಯಾಡಗಿಯ ಕಾಯಿ ಖಾರದಲ್ಲಿ ಮೆತ್ತಗೆ, ಬಣ್ಣದಲ್ಲಿ ಜೋರು. ಮೈಯೆಲ್ಲ ಸುಕ್ಕು. ಉದ್ದಕ್ಕೆ ಸಪೂರವಾಗಿದ್ದರೆ ಕಡ್ಡಿ, ಗಿಡ್ಡಗೆ ದುಂಡಗಿದ್ದರೆ ಡಬ್ಬಿ. ಎಷ್ಟು ಸರಳ ಹೆಸರು! 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಂಗಳೂರಿನ ಮನೆಗಳ ಗಸಿಯ ಕೆಂಪು ಇದರದ್ದೇ. ಕಾರ್ಖಾನೆಗಳು ಇದರ ಬಣ್ಣದ ಸಾರವನ್ನು ತೆಗೆಯುತ್ತವೆ. ಅದು ತಿಂಡಿತಿನಿಸಿಗೂ ಹೋಗುತ್ತದೆ, ತುಟಿಗೆ ಬಳಿಯುವ ಬಣ್ಣಕ್ಕೂ ಹೋಗುತ್ತದೆ. ಬ್ಯಾಡಗಿಯ ಮಾರುಕಟ್ಟೆಗೆ ಇಂದು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಮೆಣಸಿನಕಾಯಿ ಬರುತ್ತದೆ. ಸುಗ್ಗಿಯಲ್ಲಿ ಆ ಊರಿಗೆ ಕಾಲಿಟ್ಟರೆ ಮೊದಲು ಸ್ವಾಗತಿಸುವುದು ಘಾಟು. ಆ ಘಾಟಿನಲ್ಲೇ ದಿನವಿಡೀ ಕುಳಿತು ತೊಟ್ಟು ಬಿಡಿಸುವ ಹೆಂಗಸರಿದ್ದಾರೆ. ಕೈ ಉರಿ, ಕಣ್ಣು ಉರಿ. ಅವರ ಕೂಲಿಯ ಮಾತು ಯಾವ ಪಾಕೀಟಿನ ಮೇಲೂ ಇರುವುದಿಲ್ಲ.

2024ರ ಮಾರ್ಚ್ 11ನ್ನು ನೆನಪು ಮಾಡಿಕೊಳ್ಳಿ. ಬೆಲೆ ದಿಢೀರನೆ ಕುಸಿಯಿತು ಎಂದು ರೊಚ್ಚಿಗೆದ್ದ ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿದರು, ಕಲ್ಲು ತೂರಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದನ್ನು ಯಾರೂ ಮೆಚ್ಚಲಾರರು. ಆದರೆ ಅಂದು ಉರಿದದ್ದು ಸಾಲ ಮಾಡಿ ಬೆಳೆದವನ ಹೊಟ್ಟೆ. ನಿಮ್ಮ ರಾತ್ರಿಯ ಸಾರಿನ ಕೆಂಪಿನಲ್ಲಿ ಆ ಬಿಸಿಯೂ ಇದೆ ಎಂಬುದನ್ನು ಮರೆಯಬೇಡಿ. ನಾಡಿನ ಹೆಮ್ಮೆ ಎಂದು ಮೆಣಸಿನಕಾಯಿಯ ಚಿತ್ರ ಹಾಕಿಕೊಂಡು, ಅದನ್ನು ಬೆಳೆದವನ ಬೆಲೆಯ ಮಾತಿಗೆ ಬಾಯಿ ಮುಚ್ಚಿದರೆ ಅದು ಕನ್ನಡಾಭಿಮಾನವೂ ಅಲ್ಲ, ಮನುಷ್ಯತ್ವವೂ ಅಲ್ಲ.

ಕಂಸದೊಳಗಿನ ಮೊಸರು

ಖಾರದ ಪಕ್ಕದಲ್ಲೇ ಮೊಸರಿದೆ. ಅದಕ್ಕೂ ಬರೋಣ.

2023ರ ಮಾರ್ಚ್‌ನಲ್ಲಿ ಏನಾಯಿತೆಂದು ಬಲ್ಲಿರಷ್ಟೇ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದಿಂದ ನಮ್ಮ ಹಾಲು ಮಹಾಮಂಡಳಕ್ಕೆ ಸೂಚನೆ ಬಂತು: ಮೊಸರಿನ ಪೊಟ್ಟಣದ ಮೇಲೆ "ದಹಿ" ಎಂದು ಅಚ್ಚು ಹಾಕಿ, "ಮೊಸರು" ಎಂಬುದನ್ನು ಕಂಸದೊಳಗೆ ಹಾಕಿಕೊಳ್ಳಿ! ಕರ್ನಾಟಕದ ಹಸು, ಕರ್ನಾಟಕದ ಮೇವು, ಕರ್ನಾಟಕದ ರೈತ, ಕರ್ನಾಟಕದ ಗಿರಾಕಿ. ಹೆಸರು ಮಾತ್ರ ಹಿಂದಿಯದು! ಕೃಷ್ಣನ ಕತೆಯಲ್ಲಿ ಮೊಸರಿತ್ತು, ಕಂಸನೂ ಇದ್ದ. ಆದರೆ ಆ ಕಂಸ ಕೂಡ ಸೆರೆಗೆ ಹಾಕಿದ್ದು ದೇವಕಿ ವಸುದೇವರನ್ನು, ಮೊಸರನ್ನಲ್ಲ. ಈ ಕಾಲದ ಕಂಸ ಮೊಸರಿನ ಗಡಿಗೆಯನ್ನೇ ಸೆರೆಗೆ ಹಾಕಲು ಹೊರಟಿತ್ತು.

ಕನ್ನಡಿಗರು ಕೂಗಿದರು, ತಮಿಳರೂ ಕೂಗಿದರು. ಮಾರ್ಚ್ 30ರಂದು ಪ್ರಾಧಿಕಾರ ಹಿಂದೆ ಸರಿಯಿತು. ನಾವು ಪಟಾಕಿ ಹೊಡೆದೆವು. ಆದರೆ ಗೆಳೆಯರೇ, ಆ ದಿನದ ಹೊಸ ಆದೇಶವನ್ನು ಸರಿಯಾಗಿ ಓದಿದವರೆಷ್ಟು ಮಂದಿ? "ಕರ್ಡ್" ಎಂಬ ಇಂಗ್ಲಿಷ್ ಪದ ಬಳಸಬಹುದು, ಅದರ ಪಕ್ಕದಲ್ಲಿ ಪ್ರಾದೇಶಿಕ ಹೆಸರನ್ನು ಕಂಸದಲ್ಲಿ ಕೊಡಬಹುದು ಎಂದಿತು ಆದೇಶ. ಅಂದರೆ ಏನು? ಬಾಗಿಲು ಕಾಯುವವನು ಬದಲಾದ. ಹಿಂದಿಯವನ ಜಾಗಕ್ಕೆ ಇಂಗ್ಲಿಷಿನವನು ಬಂದ. ಮೊಸರು ಇನ್ನೂ ಕಂಸದೊಳಗೇ ಇದೆ!

ಇದು ಮೊಸರೊಂದರ ಪಾಡಲ್ಲ. ದೇಶದ ಆಹಾರ ಲೇಬಲ್ ನಿಯಮಾವಳಿ, 2020ರದ್ದು, ಹೇಳುವುದಿಷ್ಟು: ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿರಬೇಕು ಇಲ್ಲವೇ ದೇವನಾಗರಿ ಲಿಪಿಯ ಹಿಂದಿಯಲ್ಲಿರಬೇಕು. ಬೇರೆ ಭಾಷೆಯನ್ನು ಜೊತೆಗೆ ಹಾಕಿಕೊಂಡರೆ ಅಡ್ಡಿಯಿಲ್ಲ. ತೂಕ, ಬೆಲೆಯ ವಿವರಗಳಿಗೆ ಸಂಬಂಧಿಸಿದ 2011ರ ನಿಯಮಗಳದ್ದೂ ಇದೇ ರಾಗ. ಕನ್ನಡಕ್ಕೆ ಅಡ್ಡಿಯಿಲ್ಲವಂತೆ! ನಮ್ಮ ಮನೆಯಲ್ಲಿ ನಾವು ಕುಳಿತುಕೊಳ್ಳಲು ಅಡ್ಡಿಯಿಲ್ಲ ಎಂದು ಬಂದ ನೆಂಟ ಹೇಳಿದ ಹಾಗಾಯಿತು. ಅಡ್ಡಿಯಿಲ್ಲ ಎಂಬುದಕ್ಕೂ ಇರಲೇಬೇಕು ಎಂಬುದಕ್ಕೂ ಇರುವ ಅಂತರದಲ್ಲೇ ನಮ್ಮ ಹಕ್ಕು ಬಿದ್ದು ಹೋಗಿದೆ.

ಈ ಅಂತರದ ಬೆಲೆ ತೆರುವವರು ಯಾರು? ಇಂಗ್ಲಿಷ್ ಓದುವ ನೀವಲ್ಲ. ಊರಿನಲ್ಲಿ ಇಂದು ಸಂಜೆ ಒಲೆ ಹಚ್ಚುವ ಅವ್ವ. ಹಳೆಯ ಮುಲ್ಕಿ ಪರೀಕ್ಷೆ ಪಾಸಾದ ಅಜ್ಜಿ. ಅವರು ಅನಕ್ಷರಸ್ಥರೇ? ದಿನಾ ಬೆಳಗ್ಗೆ ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರಿದ್ದಾರೆ. ಪುರಾಣ ಓದುತ್ತಾರೆ, ಕಾದಂಬರಿ ಓದುತ್ತಾರೆ. ಅಂಥವರು ಎಣ್ಣೆಯ ಪಾಕೀಟು, ಮಸಾಲೆಯ ಡಬ್ಬಿ ಕೈಗೆತ್ತಿಕೊಂಡ ಗಳಿಗೆಯಲ್ಲಿ ಅನಕ್ಷರಸ್ಥರಾಗುತ್ತಾರೆ! ಯಾವ ತಿಂಗಳೊಳಗೆ ಬಳಸಬೇಕು? ಇದರಲ್ಲಿ ಯಾವ ಎಣ್ಣೆ ಬೆರೆತಿದೆ? ಸಕ್ಕರೆ ಕಾಯಿಲೆಯವರಿಗೆ ಕೊಡಬಹುದೇ, ಶೇಂಗಾ ಒಗ್ಗದ ಮಗುವಿಗೆ ಕೊಡಬಹುದೇ? ಉತ್ತರ ಪೊಟ್ಟಣದ ಮೇಲೆಯೇ ಇದೆ. ಅವರಿಗೆ ಮಾತ್ರ ಇಲ್ಲ. ಓದು ಬಲ್ಲ ಹೆಂಗಸನ್ನು ಅವಳದೇ ಅಡುಗೆಮನೆಯಲ್ಲಿ ಕುರುಡಿಯನ್ನಾಗಿ ಮಾಡುವ ನಿಯಮ ಯಾವ ನ್ಯಾಯ? ಇದು ಅಭಿಮಾನದ ಪ್ರಶ್ನೆಗಿಂತ ಮೊದಲು ಆರೋಗ್ಯದ ಪ್ರಶ್ನೆ, ಬದುಕಿನ ಪ್ರಶ್ನೆ.

ರಾಣೆಬೆನ್ನೂರನ್ನೇ ನೋಡಿ. ತರಕಾರಿಯ ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದ ಸೀಮೆ ಅದು. ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸಿ ಬೀಜ ಕಟ್ಟಿಸುವುದು ಎಂಥ ತಾಳ್ಮೆಯ ಕೆಲಸ! ಆ ಬೆರಳುಗಳು ಕನ್ನಡದ ಬೆರಳುಗಳು. ಅದೇ ಬೀಜ ಪೊಟ್ಟಣವಾಗಿ ಅಂಗಡಿಗೆ ಬಂದಾಗ ಅದರ ಮುಖದ ಮೇಲೆ ದೊಡ್ಡದಾಗಿ ಕಾಣುವ ಅಕ್ಷರ ಯಾವುದು, ಮುಂದಿನ ಸಲ ಊರಿಗೆ ಹೋದಾಗ ನೋಡಿ ಬನ್ನಿ.

ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದವರು ವಿನಾಯಕ ಕೃಷ್ಣ ಗೋಕಾಕರು. ಅವರ ವರದಿಯನ್ನು ಜಾರಿಗೆ ತನ್ನಿ ಎಂದು 1982ರಲ್ಲಿ ಇಡೀ ನಾಡು ಬೀದಿಗಿಳಿಯಿತು, ರಾಜಕುಮಾರ್ ಮುಂದೆ ನಿಂತರು. ಅಂದು ಕೇಳಿದ್ದು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಮಣೆ. ಆ ಶಾಲೆಯಲ್ಲಿ ಕನ್ನಡ ಕಲಿತು ಬಂದ ಹುಡುಗಿಗೆ ಮನೆಯ ಅಕ್ಕಿ, ಬೇಳೆ, ಎಣ್ಣೆಯ ಮೇಲೆ ಓದಲು ಕನ್ನಡವೇ ಇಲ್ಲದಿದ್ದರೆ ಕಲಿತದ್ದರ ಫಲವೇನು?

ಕಾಗಿನೆಲೆಯ ಮಾತು

ಬ್ಯಾಡಗಿ ತಾಲ್ಲೂಕಿನಲ್ಲೇ ಕಾಗಿನೆಲೆ ಇದೆ. ಕನಕದಾಸರ ಕಾಗಿನೆಲೆ. ಅವರು ಹುಟ್ಟಿದ ಬಾಡವೂ ಇದೇ ಜಿಲ್ಲೆಯದು. ಕನಕದಾಸರು "ರಾಮಧಾನ್ಯ ಚರಿತೆ" ಎಂಬ ಒಂದು ಕಾವ್ಯ ಬರೆದರು. ಅದರಲ್ಲಿ ಅಕ್ಕಿಗೂ ರಾಗಿಗೂ ಜಗಳ. ಯಾರು ದೊಡ್ಡವರು? ಅಕ್ಕಿ ತಾನು ದೇವರ ನೈವೇದ್ಯಕ್ಕೆ ಸಲ್ಲುವವನು, ದೊಡ್ಡವರ ಮನೆಯವನು ಎಂದು ಬೀಗುತ್ತದೆ. ರಾಮ ತೀರ್ಪು ಕೊಡುವ ಬದಲು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಬಾಗಿಲು ತೆಗೆದಾಗ ಅಕ್ಕಿ ಕಳೆಗುಂದಿದೆ, ರಾಗಿ ಗಟ್ಟಿಯಾಗಿದೆ. ರಾಘವ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ತಟ್ಟೆಯಲ್ಲಿರುವ ಮೇಲುಕೀಳು ಸಮಾಜದ ಮೇಲುಕೀಳೇ ಎಂಬುದನ್ನು ಅಷ್ಟು ಹಿಂದೆಯೇ ಆ ಪುಣ್ಯಾತ್ಮ ಕಂಡಿದ್ದ.

ಇಂದು ಅದೇ ಜಗಳ ಹೊಸ ವೇಷದಲ್ಲಿದೆ. ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಸಾರಿತು. ಒಳ್ಳೆಯದೇ. ಹಿಂದೆ ತೃಣಧಾನ್ಯ, ಅಂದರೆ ಹುಲ್ಲುಧಾನ್ಯ ಎಂದು ಕರೆಯುತ್ತಿದ್ದುದಕ್ಕೆ ಕನ್ನಡಿಗರು ಸಿರಿಧಾನ್ಯ ಎಂದು ಹೆಸರಿಟ್ಟರು. ಎಂಥ ಚೆಂದದ ಹೆಸರು! ಮೆಣಸಿನಕಾಯಿಗೆ ಹೆಸರಿಟ್ಟವರ ಮೊಮ್ಮಕ್ಕಳು ಇನ್ನೂ ಬದುಕಿದ್ದಾರೆ ಎಂಬುದಕ್ಕೆ ಸಾಕ್ಷಿ. ಆದರೆ ಬೆಂಗಳೂರಿನ ದೊಡ್ಡ ಅಂಗಡಿಗೆ ಹೋಗಿ. ನವಣೆ ಅಲ್ಲಿ "ಫಾಕ್ಸ್‌ಟೇಲ್ ಮಿಲೆಟ್", ಸಾವೆ "ಲಿಟಲ್ ಮಿಲೆಟ್", ಸಜ್ಜೆ "ಪರ್ಲ್ ಮಿಲೆಟ್". ಹಾವೇರಿಯ ಮುದುಕಿ ನವಣಕ್ಕಿ ಅನ್ನ ತಿಂದಾಗ ಅದು ಬಡತನ. ಅದೇ ಕಾಳು ಇಂಗ್ಲಿಷ್ ಅಂಗಿ ತೊಟ್ಟು ಕಪಾಟು ಏರಿದಾಗ ಅದು ಆರೋಗ್ಯ! ನರಿಯ ಬಾಲ ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಗೊತ್ತಾಗುವ ಕನ್ನಡದ ಮಗುವಿಗೆ ನವಣೆ ಎಂದರೆ ಗೊತ್ತಾಗುವುದಿಲ್ಲ. ಕಾಳು ಉಳಿದು ಹೆಸರು ಸತ್ತರೆ ಅದನ್ನು ಬೆಳೆದು ಉಳಿಸಿದವರ ನೆನಪೂ ಸತ್ತಂತೆ.

ಹೊಲದ ಕತೆಯೂ ಇದೆ. ಹಾವೇರಿ ಜಿಲ್ಲೆಯಲ್ಲಿ ಇಂದು ಕಣ್ಣು ಹಾಯಿಸಿದಲ್ಲೆಲ್ಲ ಗೋವಿನಜೋಳ. ಅದು ಹೆಚ್ಚಾಗಿ ಹೋಗುವುದು ಕೋಳಿಯ ಮೇವಿಗೆ, ಪಿಷ್ಟದ ಕಾರ್ಖಾನೆಗೆ. ರೊಟ್ಟಿಯ ಜೋಳವನ್ನು ರೈತನೂ ಅಂಗಡಿಯಿಂದ ಕೊಳ್ಳುವ ಮನೆಗಳಿವೆ. 2013ರಲ್ಲಿ ಬಂದ ಅನ್ನಭಾಗ್ಯ ಹಸಿದ ಹೊಟ್ಟೆಗಳನ್ನು ತುಂಬಿಸಿತು, ಅದನ್ನು ಹಳಿಯುವವನು ಹಸಿವು ಕಾಣದವನು. ಜೊತೆಗೆ ಆಯಾ ಸೀಮೆಯ ಜೋಳ, ರಾಗಿ, ನವಣೆಗೂ ಸರಿಯಾದ ಬೆಲೆ ಕೊಟ್ಟು ಕೊಂಡು ಪಡಿತರದಲ್ಲಿ ಹಂಚಿ ಎಂದು ಕೇಳುವುದು ನಮ್ಮ ಕೆಲಸ. ಬೆಳೆಯುವವನಿಗೆ ಬೆಲೆ ಸಿಕ್ಕರೆ ಬೆಳೆ ಉಳಿಯುತ್ತದೆ. ಬೆಳೆ ಉಳಿದರೆ ರೊಟ್ಟಿ ಉಳಿಯುತ್ತದೆ. ರೊಟ್ಟಿ ಉಳಿದರೆ ಜಿಗಿ, ಎಸರು, ಹಂಚು ಎಂಬ ಮಾತುಗಳು ಉಳಿಯುತ್ತವೆ. ಇದರಲ್ಲಿ ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಹುಡುಗರೇ, ಕೇಳಿ

ಇನ್ನು ಒಂದು ಕಹಿ ಮಾತು. ಗಂಡುಹುಡುಗರಿಗೇ ಹೇಳುತ್ತಿದ್ದೇನೆ.

ಬಾವುಟ ಹಿಡಿಯುವ ಕೈ ಲಟ್ಟಣಿಗೆ ಹಿಡಿದರೆ ಸವೆಯುವುದಿಲ್ಲ. "ಅವ್ವನ ಕೈರುಚಿ" ಎಂದು ಕಣ್ಣು ಒದ್ದೆ ಮಾಡಿಕೊಳ್ಳುವ ಎಷ್ಟು ಮಂದಿಗೆ ಆ ಅವ್ವನ ಕೈಯ ಸುಟ್ಟ ಗುರುತು ಕಂಡಿದೆ? ಇಪ್ಪತ್ತು ಇಪ್ಪತ್ತೈದು ರೊಟ್ಟಿ ಬಡಿದ ಮೇಲೆ ರೆಟ್ಟೆ ಹೇಗೆ ಸೋಲುತ್ತದೆ ಗೊತ್ತೇ? ಎಲ್ಲರೂ ಉಂಡೆದ್ದ ಮೇಲೆ ಕೊನೆಗೆ, ಆರಿದ ರೊಟ್ಟಿಯನ್ನು ಉಳಿದ ಪಲ್ಯಕ್ಕೆ ಹಚ್ಚಿ ತಿನ್ನುವವಳು ಅವಳೇ. ತಾಯಿನುಡಿ ಎಂದು ಗಂಟಲು ಹರಿಯುವಂತೆ ಕೂಗಿ, ತಾಯಿಯನ್ನು ಹೊಗೆಯಲ್ಲಿ ಬಿಟ್ಟರೆ ಅದು ಎಂಥ ಚಳವಳಿ? ಹೆಂಗಸರು ಒಲೆಗೆ ಅಂಟಿಕೊಂಡೇ ಇರಲಿ, ಸಂಸ್ಕೃತಿ ಉಳಿಯಲಿ ಎಂದು ಹೇಳುವ ಬಾಯಿ ಈ ಪತ್ರಿಕೆಯದ್ದಾಗಬಾರದು. ನೌಕರಿಗೆ ಹೋಗಿ ಬಂದ ಅಕ್ಕ "ಇವತ್ತು ರೊಟ್ಟಿ ಆಗುವುದಿಲ್ಲ" ಎಂದರೆ ಅದು ಅವಳ ಹಕ್ಕು. ಆಗಬೇಕಾದರೆ ನೀವು ಎದ್ದು ಎಸರಿಡಿ.

ಕಡಕ್ ರೊಟ್ಟಿಯನ್ನು ನೋಡಿ ಕಲಿಯಿರಿ. ಚೆನ್ನಾಗಿ ಒಣಗಿಸಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಹಿಂದೆ ಅದು ಬುತ್ತಿಗಂಟಿನಲ್ಲಿ ಹೋಗುತ್ತಿತ್ತು. ಇಂದು ಉತ್ತರ ಕರ್ನಾಟಕದ ಊರೂರಲ್ಲಿ ಹೆಂಗಸರು ರೊಟ್ಟಿ ಬಡಿದು ಕಟ್ಟು ಕಟ್ಟಿ ಮಾರಿ ಸಂಸಾರ ಸಾಗಿಸುತ್ತಿದ್ದಾರೆ, ಮಕ್ಕಳನ್ನು ಓದಿಸುತ್ತಿದ್ದಾರೆ. ಮನೆಯೊಳಗಿದ್ದಾಗ ಬೆಲೆಯಿಲ್ಲದ ಕೈಚಳಕಕ್ಕೆ ಅಂಗಡಿಯಲ್ಲಿ ಬೆಲೆ ಬಂತು. ಬೆಂಗಳೂರಿನ ರೊಟ್ಟಿ ಖಾನಾವಳಿಗಳಲ್ಲಿ ನಿಮ್ಮ ನಾಲಿಗೆಗೆ ಊರು ನೆನಪಾದರೆ, ಒಳಗೆ ಬಡಿಯುತ್ತಿರುವ ಅಕ್ಕನಿಗೂ ಒಂದು ಮಾತು ಹೇಳಿ ಬನ್ನಿ. ಚೌಕಾಸಿ ಮಾಡಬೇಡಿ.

ಮಾಡಬೇಕಾದದ್ದು

ಬರೀ ಗೋಳು ಹೇಳಿ ಕೈ ತೊಳೆದುಕೊಳ್ಳುವುದು ಬೇಡ. ಕೆಲಸ ಹೇಳುತ್ತೇನೆ.

ಒಂದು: ಇವತ್ತು ರಾತ್ರಿ ನಿಮ್ಮ ಕೋಣೆಯಲ್ಲೋ ಮನೆಯಲ್ಲೋ ಇರುವ ಪೊಟ್ಟಣಗಳನ್ನು ಸಾಲಾಗಿ ಇಡಿ. ಎಷ್ಟರ ಮೇಲೆ ಕನ್ನಡವಿದೆ ಎಂದು ಎಣಿಸಿ. ಇಲ್ಲದ ಪೊಟ್ಟಣದ ಮೇಲೆ ಗಿರಾಕಿಯ ದೂರಿಗೆಂದು ಫೋನ್ ನಂಬರು ಇರುತ್ತದೆ. ಕರೆ ಮಾಡಿ, ಕನ್ನಡದಲ್ಲೇ ಮಾತಾಡಿ. ಬೈಯಬೇಡಿ, ಕೂಗಾಡಬೇಡಿ. "ನಾನು ಗಿರಾಕಿ. ನನ್ನ ತಾಯಿಗೆ ಇದನ್ನು ಓದಲು 배ರುವಂತೆ ಮಾಡಿ" ಎನ್ನಿ. ಒಬ್ಬ ಕೇಳಿದರೆ ಹುಚ್ಚ, ಸಾವಿರ ಜನ ಕೇಳಿದರೆ ಮಾರುಕಟ್ಟೆ.

ಎರಡು: ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ನಮ್ಮ ಕೈಯಲ್ಲಿದೆ. ರಾಜ್ಯದಲ್ಲಿ ತಯಾರಾಗಿ ರಾಜ್ಯದಲ್ಲಿ ಮಾರಾಟವಾಗುವ ಸರಕಿನ ಹೆಸರು, ಬಳಸುವ ವಿವರ ಕನ್ನಡದಲ್ಲೂ ಇರಬೇಕೆಂಬ ಮಾತು ಅದರಲ್ಲಿದೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಅದನ್ನು ಪಾಲಿಸಿ ಎಂದು ಸೂಚನೆಯನ್ನೂ ಹೊರಡಿಸಿತು. ಕಾಗದದ ಮೇಲಿನ ಆದೇಶ ಒಲೆಯ ಮೇಲಿನ ಖಾಲಿ ಪಾತ್ರೆಯಂತೆ. ಸದ್ದು ಬಹಳ, ಊಟವಿಲ್ಲ. ಅದರಲ್ಲಿ ಅಕ್ಕಿ ಹಾಕಿಸುವುದು ನಮ್ಮ ಕೆಲಸ. ನಿಮ್ಮ ಊರಿನ ಮಸಾಲೆ ಗಿರಣಿ, ಬೇಕರಿ, ಹಪ್ಪಳ ಚಟ್ನಿಪುಡಿಯ ಚಿಕ್ಕ ಉದ್ಯಮಗಳಿಂದಲೇ ಶುರು ಮಾಡಿ. ಅವರು ನಮ್ಮವರೇ. ಲೇಬಲ್ ಬರೆದುಕೊಡಲು ನೀವೇ ಕುಳಿತುಕೊಳ್ಳಿ.

ಮೂರು: ಕೇಂದ್ರದ ಲೇಬಲ್ ನಿಯಮ ಬದಲಾಗಬೇಕು. ಸರಕು ಯಾವ ರಾಜ್ಯದಲ್ಲಿ ಮಾರಾಟವಾಗುತ್ತದೋ ಆ ರಾಜ್ಯದ ಆಡಳಿತ ಭಾಷೆಯಲ್ಲಿ ಹೆಸರು, ತಾರೀಖು, ಒಳಗಿರುವ ಪದಾರ್ಥಗಳ ಪಟ್ಟಿ, ಎಚ್ಚರಿಕೆ ಕಡ್ಡಾಯವಾಗಿರಬೇಕು. ಇದು ಕನ್ನಡಕ್ಕೆ ಮಾತ್ರ ಕೇಳುವ ಭಿಕ್ಷೆಯಲ್ಲ. ತಮಿಳು, ಬಂಗಾಳಿ, ಒಡಿಯಾ, ಮರಾಠಿ ತಾಯಂದಿರಿಗೂ ಸಲ್ಲಬೇಕಾದ ನ್ಯಾಯ. ನಿಮ್ಮ ಸಂಸದರು ಮತ ಕೇಳಲು ಬಂದಾಗ ಒಂದು ಎಣ್ಣೆಯ ಪಾಕೀಟು ಅವರ ಕೈಗೆ ಕೊಟ್ಟು, "ಇದನ್ನು ನಮ್ಮವ್ವನಿಗೆ ಓದಿ ಹೇಳಿ" ಎನ್ನಿ.

ನಾಲ್ಕು: ಮುಂದಿನ ಸಲ ಊರಿಗೆ ಹೋದಾಗ ಒಂದು ನೋಟುಪುಸ್ತಕ ಒಯ್ಯಿರಿ. ಅಡುಗೆಮನೆಯಲ್ಲಿ ಕುಳಿತು ಐವತ್ತು ಮಾತು ಬರೆದುಕೊಳ್ಳಿ. ಪಾತ್ರೆಯ ಹೆಸರು, ಅಳತೆಯ ಹೆಸರು, ಸೊಪ್ಪಿನ ಹೆಸರು, ಹದದ ಹೆಸರು. ಅಜ್ಜಿ ಇದ್ದರೆ ನೂರು ಸಿಗುತ್ತವೆ. ಕಾಯಬೇಡಿ. ನಿಘಂಟುಗಳು ಅಚ್ಚಾಗಿ ಉಳಿಯುತ್ತವೆ, ಅಜ್ಜಿಯರು ಉಳಿಯುವುದಿಲ್ಲ.

ಐದು: ವಾರಕ್ಕೊಂದು ಸಂಜೆ ನೀವೇ ಅಡುಗೆ ಮಾಡಿ. ರೊಟ್ಟಿ ಮೊದಲ ದಿನ ಭೂಪಟವಾಗುತ್ತದೆ, ಆಗಲಿ. ಕರ್ನಾಟಕದ ಭೂಪಟವಾದರೆ ಇನ್ನೂ ಒಳ್ಳೆಯದು! ಕೋಣೆಯ ಗೆಳೆಯ ಬಿಹಾರದವನೋ ಅಸ್ಸಾಮಿನವನೋ ಆಗಿದ್ದರೆ ಅವನನ್ನೂ ಕೂರಿಸಿ ಬಡಿಸಿ. "ರೊಟ್ಟಿ, ಪಲ್ಯ, ಮೊಸರು, ಇನ್ನೊಂದು ಹಾಕು" ಎಂಬ ಮಾತುಗಳನ್ನು ಕಲಿಸಿ. ಹಸಿದವನಿಗೆ ಬಡಿಸುತ್ತ ಕಲಿಸಿದ ಕನ್ನಡವನ್ನು ಅವನು ಎಂದೂ ಮರೆಯುವುದಿಲ್ಲ. ಕಲಿಯದವನ ಮೇಲೆ ಕೈ ಮಾಡಿ ಕಲಿಸಿದ ಕನ್ನಡವನ್ನು ಮನಸ್ಸಿಟ್ಟು ಆಡುವುದೂ ಇಲ್ಲ. ನಮ್ಮ ಸೀಮೆಯಲ್ಲಿ ಬಾಗಿಲಿಗೆ ಬಂದವರನ್ನು ಮೊದಲು ಕೇಳುವ ಮಾತು "ಊಟ ಆತೇನ್ರಿ?" ಎಂಬುದು. ಜಾತಿ ಕೇಳುವ ಮೊದಲು, ಊರು ಕೇಳುವ ಮೊದಲು ಹೊಟ್ಟೆ ಕೇಳುವ ಭಾಷೆ ನಮ್ಮದು. ಅದಕ್ಕಿಂತ ದೊಡ್ಡ ಪ್ರಚಾರ ಬೇರೆ ಬೇಕಿಲ್ಲ.

ಗೆಳೆಯರೇ, ವಿಧಾನಸೌಧದಲ್ಲಿ ಕನ್ನಡ, ಬ್ಯಾಂಕಿನಲ್ಲಿ ಕನ್ನಡ, ರೈಲಿನಲ್ಲಿ ಕನ್ನಡ ಎಂದು ಕೇಳುತ್ತಲೇ ಇರೋಣ. ಅಲ್ಲಿಗೆ ವರ್ಷಕ್ಕೆ ಎಷ್ಟು ಸಲ ಹೋಗುತ್ತೇವೆ? ಅಡುಗೆಮನೆಗೆ ದಿನಕ್ಕೆ ಹತ್ತು ಸಲ ಹೋಗುತ್ತೇವೆ. ಅಲ್ಲಿ ಸೋತವರು ಬೇರೆಲ್ಲೂ ಗೆಲ್ಲುವುದಿಲ್ಲ. ಈಗ ಹೊತ್ತಾಯಿತು, ಎಲ್ಲರಿಗೂ ಹಸಿವಾಗಿದೆ. ಹೋಗಿ, ಹೊಟ್ಟೆ ತುಂಬ ಉಣ್ಣಿ. ಉಣ್ಣುವ ಮೊದಲು ಪೊಟ್ಟಣವನ್ನು ಒಮ್ಮೆ ತಿರುಗಿಸಿ ನೋಡಿ. ಅಲ್ಲಿ ಕನ್ನಡ ಕಾಣದಿದ್ದರೆ ನಾಳೆಯ ಕೆಲಸ ಏನೆಂದು ನಿಮಗೇ ಗೊತ್ತಾಗುತ್ತದೆ.

ಜೈ ಕರ್ನಾಟಕ.